ಹಾರದ ವಿಂಗ್ ಕಮಾಂಡರ್

2020ರ ಅಕ್ಟೋಬರ್ 18, ಭಾನುವಾರ. ಪತ್ರಿಕೆಗಳ ಪುಟಗಳನ್ನೆಲ್ಲ ಕೊರೊನಾ ಆಕ್ರಮಿಸಿಕೊಂಡಿದ್ದ ಕಾಲ. ಅಂದು ಬೆಂಗಳೂರಿನಲ್ಲಿ, ಮಗಳ ಮನೆಯಲ್ಲಿ, 96 ವರ್ಷದ ವಿಂಗ್ ಕಮಾಂಡರ್ ವಿಜಯಲಕ್ಷ್ಮಿ ರಮಣನ್ ತೀರಿಕೊಂಡರು. ಭಾರತೀಯ ವಾಯುಪಡೆಯ ಮೊದಲ ಮಹಿಳಾ ಅಧಿಕಾರಿ ಇನ್ನಿಲ್ಲ ಎಂದು ಸುದ್ದಿಯಾಯಿತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ವಾಯುಪಡೆಯ ಪೈಲಟ್ ಗುಂಜನ್ ಸಕ್ಸೇನಾ ಕಥೆಯ ಸಿನಿಮಾ ಮನೆಮನೆಯ ಟೀವಿಗೆ ಬಂದಿತ್ತು. ಹಾಗಾಗಿ ವಾಯುಪಡೆ, ಮಹಿಳೆ, ವಿಂಗ್ ಕಮಾಂಡರ್ ಎಂಬ ಮೂರು ಮಾತು ಒಟ್ಟಿಗೆ ಕಿವಿಗೆ ಬಿದ್ದಾಗ ಕಾಕ್‌ಪಿಟ್‌ನಲ್ಲಿ ಕೂತ ಹೆಣ್ಣುಮಗಳ ಚಿತ್ರವೇ ಕಣ್ಣ ಮುಂದೆ ಬರುವುದು ಸಹಜ.

ವಿಜಯಲಕ್ಷ್ಮಿ ರಮಣನ್ ಯಾವ ವಿಮಾನವನ್ನೂ ಹಾರಿಸಿದವರಲ್ಲ. ಅವರು ಹೆರಿಗೆ ಡಾಕ್ಟರು. ಇಪ್ಪತ್ತಮೂರೂವರೆ ವರ್ಷ ವಾಯುಪಡೆಯ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸಿದರು, ಶಸ್ತ್ರಚಿಕಿತ್ಸೆ ಮಾಡಿದರು, ನರ್ಸ್‌ಗಳಿಗೆ ಪಾಠ ಹೇಳಿದರು, ಆಡಳಿತದ ಹೊಣೆಯನ್ನೂ ಹೊತ್ತರು. ಮೊದಲಿಗರು ಎಂಬ ಗೌರವ ಅವರಿಗೆ ಸಲ್ಲಲೇಬೇಕು. ಆದರೆ ಅದು ಸೇವೆಗೆ ಸೇರಿದ ಒಂದು ದಿನದ ಸಂಗತಿ. ಉಳಿದ ಎಂಟು ಸಾವಿರ ಚಿಲ್ಲರೆ ದಿನಗಳ ಕೆಲಸದ ಬಗ್ಗೆ ನಾವು ಕೇಳಿಯೇ ಇಲ್ಲ.

ಹುಟ್ಟಿದ್ದು 1924ರ ಫೆಬ್ರುವರಿ 27ರಂದು, ಮದ್ರಾಸಿನಲ್ಲಿ. ತಂದೆ ಟಿ. ಡಿ. ನಾರಾಯಣ ಅಯ್ಯರ್ ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದವರು. ಮಗಳು 1943ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದಳು. ವೈದ್ಯಶಾಸ್ತ್ರಕ್ಕೆ ಬಾಲ್ಫರ್ ಸ್ಮಾರಕ ಪದಕ, ಶಸ್ತ್ರಚಿಕಿತ್ಸೆಗೆ ಮದ್ರಾಸ್ ವಿಶ್ವವಿದ್ಯಾಲಯದ ಬಹುಮಾನ, ಎರಡನ್ನೂ ಗಳಿಸಿದಳು. ಎಡ್ವರ್ಡ್ ಬಾಲ್ಫರ್ ಎಂಬ ಆ ಸರ್ಜನ್ ಜನರಲ್ ಕೂಡ ಸೇನೆಯ ವೈದ್ಯರೇ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶ ಕೊಡಬೇಕೆಂದು ಹಟ ಹಿಡಿದು ಒತ್ತಾಯಿಸಿದವರು. 1875ರಲ್ಲಿ ಮೊದಲ ನಾಲ್ವರು ವಿದ್ಯಾರ್ಥಿನಿಯರು ಅಲ್ಲಿಗೆ ಬಂದರು. ಆ ಬಾಲ್ಫರ್ ನೆನಪಿನ ಪದಕ ಮುಂದೊಂದು ದಿನ ವಾಯುಪಡೆಗೆ ಸೇರಲಿದ್ದ ಹುಡುಗಿಯ ಕೈಗೇ ಹೋಯಿತು. ಆಮೇಲೆ ಎಗ್ಮೋರ್‌ನ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ, ಸ್ತ್ರೀರೋಗ ಮತ್ತು ಪ್ರಸೂತಿಯಲ್ಲಿ ಹೆಚ್ಚಿನ ಓದು. ಮದುವೆಯಾದದ್ದು ವಾಯುಪಡೆಯ ಅಧಿಕಾರಿ ಕೆ. ವಿ. ರಮಣನ್ ಅವರನ್ನು. ಸೇನೆಗೆ ಸೇರು ಎಂದು ಹುರಿದುಂಬಿಸಿದವರೂ ಅವರೇ.

ಆದರೆ ಸೇರುವುದು ಹೇಗೆ? 1950ರ ವಾಯುಪಡೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರು ವಾಯುಪಡೆಗೆ ಸೇರಲು ಅರ್ಹರಲ್ಲ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ವಿಭಾಗಗಳಿಗೆ ಮಾತ್ರ ವಿನಾಯಿತಿ. ಭೂಸೇನೆಯ ಕಾಯ್ದೆಯಲ್ಲೂ 12ನೇ ಸೆಕ್ಷನ್ನಿನಲ್ಲೇ ಇದೇ ನಿಯಮ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾವಿರಾರು ಹೆಂಗಸರನ್ನು ಸೇರಿಸಿಕೊಂಡಿದ್ದ ಮಹಿಳಾ ಸಹಾಯಕ ದಳವನ್ನು ಯುದ್ಧ ಮುಗಿದ ಮೇಲೆ ಮುಚ್ಚಲಾಗಿತ್ತು. ಉಳಿದದ್ದು ನರ್ಸಿಂಗ್ ಸೇವೆ ಮತ್ತು 1943ರಲ್ಲಿ ಹುಟ್ಟಿದ ಸೇನಾ ವೈದ್ಯಕೀಯ ದಳ. ಈ ದಳದ ಒಂದು ಏರ್ಪಾಡನ್ನು ಇಲ್ಲಿ ಹೇಳಬೇಕು. ವಾಯುಪಡೆಗಾಗಲಿ ನೌಕಾಪಡೆಗಾಗಲಿ ಪ್ರತ್ಯೇಕ ವೈದ್ಯರ ದಳ ಇಲ್ಲ. ಸ್ವಾತಂತ್ರ್ಯದ ನಂತರ ಮೂರೂ ಪಡೆಗಳ ವೈದ್ಯಕೀಯ ಸೇವೆಯನ್ನು ಒಬ್ಬರೇ ಮಹಾನಿರ್ದೇಶಕರ ಕೆಳಗೆ ತಂದರು. ವೈದ್ಯರು ಸೇನಾ ವೈದ್ಯಕೀಯ ದಳಕ್ಕೆ ಸೇರುತ್ತಾರೆ, ಅಲ್ಲಿಂದ ಎರವಲು ಸೇವೆಯ ಮೇಲೆ ಬೇರೆ ಪಡೆಗೆ ಹೋಗಿ ಅಲ್ಲಿನ ಸಮವಸ್ತ್ರ, ಅಲ್ಲಿನ ಪದವಿ ಧರಿಸುತ್ತಾರೆ. 1955ರ ಆಗಸ್ಟ್ 22ರಂದು ಮೂವತ್ತೊಂದು ವರ್ಷದ ಡಾ. ವಿಜಯಲಕ್ಷ್ಮಿಗೆ ವೈದ್ಯಕೀಯ ದಳದಲ್ಲಿ ಅಲ್ಪಾವಧಿ ಕಮಿಷನ್ ಸಿಕ್ಕಿತು. ಅದೇ ದಿನ ವಾಯುಪಡೆಗೆ ನಿಯೋಜನೆಯೂ ಆಯಿತು. ವಾಯುಪಡೆಯ ಮುಂಬಾಗಿಲು ಹೆಂಗಸರಿಗೆ ಮುಚ್ಚಿತ್ತು. ಇವರು ಆಸ್ಪತ್ರೆಯ ಬಾಗಿಲಿನಿಂದ ಒಳಗೆ ಬಂದರು.

ಅವರು ದುಡಿದ ಊರುಗಳಲ್ಲಿ ಕನ್ನಡಿಗರಿಗೆ ಹತ್ತಿರದ್ದು ಜಾಲಹಳ್ಳಿ. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಂಗಳೂರಿನ ಉತ್ತರಕ್ಕಿದ್ದ ಆ ಹಳ್ಳಿಯಲ್ಲಿ ಸೇನಾ ಆಸ್ಪತ್ರೆಗಳ ಒಂದು ಊರೇ ಎದ್ದಿತ್ತು. ಇಟಲಿಯ ಯುದ್ಧ ಕೈದಿಗಳನ್ನು ಇಟ್ಟಿದ್ದ ಶಿಬಿರಗಳೂ ಆ ಭಾಗದಲ್ಲಿದ್ದವು. ಐವತ್ತರ ದಶಕದಲ್ಲಿ ಬಿಇಎಲ್ ಕಾರ್ಖಾನೆ, ವಾಯುಪಡೆಯ ತರಬೇತಿ ಶಾಲೆಗಳು, ಅವುಗಳ ಕ್ವಾರ್ಟರ್ಸ್ ಎಲ್ಲ ಬಂದು ಜಾಲಹಳ್ಳಿ ತಮಿಳು, ಮಲಯಾಳಂ, ಪಂಜಾಬಿ, ಬಂಗಾಳಿ ಒಟ್ಟಿಗೆ ಕೇಳಿಬರುವ ಜಾಗವಾಯಿತು. ಅಲ್ಲಿನ ಏರ್‌ಮನ್‌ಗಳು ಇಪ್ಪತ್ತರ ಹರೆಯದವರು, ಹೆಂಡತಿಯರು ಅವರಿಗಿಂತ ಚಿಕ್ಕವರು.

ಇಲ್ಲೇ ರಮಣನ್ ಅವರ ಕೆಲಸದ ತಿರುಳು ಇರುವುದು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಿಗೆ ಸೀಮಂತ ಮಾಡಿ, ಮಡಿಲು ತುಂಬಿ, ಹುಡುಗಿಯನ್ನು ತಾಯಿಮನೆಗೆ ಕಳಿಸುತ್ತಾರೆ. ಬಾಣಂತನ ಮಾಡಲು ಅಜ್ಜಿ ಇರುತ್ತಾಳೆ, ಎರೆಯಲು ನೀರು ಕಾಯಿಸುವವರು ಇರುತ್ತಾರೆ, ಕೂಸಿನ ಹೊಟ್ಟೆನೋವಿಗೆ ಬಜೆ ತೇಯುವವರು ಇರುತ್ತಾರೆ. ಕಾನ್ಪುರದ ಏರ್‌ಫೋರ್ಸ್ ಕ್ವಾರ್ಟರ್ಸ್‌ನಲ್ಲಿರುವ ಹಾಸನದ ಹುಡುಗಿಗೆ, ಜಾಲಹಳ್ಳಿಯಲ್ಲಿರುವ ಪಟಿಯಾಲದ ಹುಡುಗಿಗೆ, ಇವರಲ್ಲಿ ಯಾರಿದ್ದಾರೆ? ಗಂಡನಿಗೆ ರಜೆ ಮಂಜೂರಾಗಬೇಕು, ರೈಲಿನಲ್ಲಿ ಎರಡು ಮೂರು ದಿನ ಕೂರಬೇಕು. ತವರಿನವರಿಗೆ ಹೇಳಿಕಳಿಸಬೇಕೆಂದರೆ ಇದ್ದದ್ದು ಟಪಾಲು, ತೀರಾ ತುರ್ತಾದರೆ ತಂತಿ. ಅಷ್ಟು ದೂರ ಹೊರಡಲಾಗದೆ ಉಳಿದವರಿಗೆ ತವರು, ಸೂಲಗಿತ್ತಿ, ಅಜ್ಜಿ ಎಲ್ಲವೂ ಸೇನಾ ಆಸ್ಪತ್ರೆಯ ಫ್ಯಾಮಿಲಿ ವಾರ್ಡೇ. ಗಂಡಸು ಡಾಕ್ಟರರ ಮುಂದೆ ಬಾಯಿ ಬಿಡದ ಹೆಂಗಸರು ಆಗ ಎಷ್ಟು ಮಂದಿ ಇದ್ದರೆಂದು ಆ ತಲೆಮಾರಿನ ಯಾವ ಹಿರಿಯರನ್ನು ಕೇಳಿದರೂ ಹೇಳುತ್ತಾರೆ. ಬಿಳಿ ಸೆರಗು ಹೋಗುತ್ತಿದೆ ಎಂದಾಗಲಿ, ಮೂರು ತಿಂಗಳಿಂದ ರಕ್ತ ನಿಂತಿಲ್ಲ ಎಂದಾಗಲಿ ಹೇಳಿಕೊಳ್ಳಲು ಸೀರೆಯುಟ್ಟ ಡಾಕ್ಟರಮ್ಮ ಒಬ್ಬರು ಎದುರಿಗಿದ್ದರೆ ಆಗುವ ವ್ಯತ್ಯಾಸವನ್ನು ಯಾವ ಅಂಕಿಅಂಶವೂ ಹೇಳಲಾರದು.

ಆದರೂ ಒಂದು ಅಂಕಿಯನ್ನು ಮರೆಯಬಾರದು. ರಮಣನ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ, ದೇಶದ ಆರೋಗ್ಯ ಸ್ಥಿತಿಯ ಬಗ್ಗೆ 1946ರಲ್ಲಿ ಬಂದ ಭೋರ್ ಸಮಿತಿಯ ವರದಿ ನಮ್ಮ ದೇಶದಲ್ಲಿ ಸಾವಿರ ಹೆರಿಗೆಗೆ ಸುಮಾರು 20 ತಾಯಂದಿರು ಸಾಯುತ್ತಾರೆಂದು ಅಂದಾಜು ಮಾಡಿತ್ತು. ಅಂದರೆ ವರ್ಷಕ್ಕೆ ಎರಡು ಲಕ್ಷ ಸಾವು. 2018–20ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಅದು ಒಂದು ಲಕ್ಷಕ್ಕೆ 97. ಈ ಇಳಿಕೆ ಯಾವ ಒಂದು ಔಷಧದಿಂದಲೂ ಆದದ್ದಲ್ಲ. ಗರ್ಭಿಣಿಯ ರಕ್ತ ಪರೀಕ್ಷೆ, ಕಬ್ಬಿಣಾಂಶದ ಮಾತ್ರೆ, ಧನುರ್ವಾಯುವಿಗೆ ಚುಚ್ಚುಮದ್ದು, ಬಿಪಿ ನೋಡುವುದು, ಹೊತ್ತಿಗೆ ಸಿಗುವ ರಕ್ತದ ಬಾಟಲಿ, ರಾತ್ರಿ ಎರಡು ಗಂಟೆಗೂ ತೆರೆಯುವ ಆಪರೇಷನ್ ಥಿಯೇಟರು: ಇವಿಷ್ಟನ್ನು ತಪ್ಪದೆ, ಬೇಸರಿಸದೆ, ಪ್ರತಿ ದಿನ ಮಾಡಿದ್ದರ ಫಲ. ಸೇನಾ ಆಸ್ಪತ್ರೆಗಳಿಗೆ ಈ ತಪ್ಪದೆ ಮಾಡುವುದು ಮೊದಲಿನಿಂದಲೂ ಗೊತ್ತಿತ್ತು. ಅಲ್ಲಿ ಎಲ್ಲಕ್ಕೂ ರಿಜಿಸ್ಟರ್ ಇರುತ್ತದೆ, ಸಹಿ ಇರುತ್ತದೆ, ಸಹಿ ಇಲ್ಲದಿದ್ದರೆ ಕೇಳುವವರು ಇರುತ್ತಾರೆ.

ಕುಟುಂಬ ಯೋಜನೆಯೂ ಅವರ ಪಾಲಿಗೆ ಬಂತು. ಸರ್ಕಾರ ಆ ಕಾರ್ಯಕ್ರಮವನ್ನು 1952ರಲ್ಲೇ ಆರಂಭಿಸಿತ್ತು. 1965ರಲ್ಲಿ ಗರ್ಭನಿರೋಧಕ ಲೂಪ್ ಬಂದ ಮೇಲೆ, 1971ರಲ್ಲಿ ಗರ್ಭಪಾತವನ್ನು ಕಾನೂನುಬದ್ಧಗೊಳಿಸಿದ ಮೇಲೆ, ಹೆಂಗಸರಿಗೆ ಅದನ್ನೆಲ್ಲ ಕೂರಿಸಿಕೊಂಡು ಹೇಳಬೇಕಾದವರು ರಮಣನ್‌ರಂಥ ವೈದ್ಯೆಯರು. ಮುಂದೆ ತುರ್ತು ಪರಿಸ್ಥಿತಿಯಲ್ಲಿ ಹೊರಗಿನ ಊರುಗಳಲ್ಲಿ ಸಂತಾನಹರಣ ಎಂಬ ಹೆಸರೆತ್ತಿದರೆ ಜನ ಓಡುವಂತಾಯಿತಲ್ಲ, ಆ ಭಯ ಹುಟ್ಟಿದ್ದು ತಿಳಿಹೇಳುವ ಕೆಲಸವನ್ನು ಬಿಟ್ಟು ಗುರಿ ಮುಟ್ಟುವ ಕೆಲಸಕ್ಕೆ ಇಳಿದಾಗ ಎಂದು ನನಗನ್ನಿಸುತ್ತದೆ.

1962ರಿಂದ 1971ರವರೆಗೆ ದೇಶ ಕಂಡ ಯುದ್ಧಗಳಲ್ಲಿ ಗಾಯಗೊಂಡು ಬಂದವರ ಆರೈಕೆಯಲ್ಲೂ ಅವರು ಇದ್ದರು. ಹೆರಿಗೆ ಡಾಕ್ಟರಿಗೆ ಯುದ್ಧದಲ್ಲಿ ಏನು ಕೆಲಸ ಎಂದರೆ, ಯುದ್ಧ ಬಂದಾಗ ಸೇನಾ ಆಸ್ಪತ್ರೆಯಲ್ಲಿ ಸ್ಪೆಷಾಲಿಟಿಯ ಬೋರ್ಡುಗಳೆಲ್ಲ ಹಿಂದಕ್ಕೆ ಸರಿಯುತ್ತವೆ. ಹೊಟ್ಟೆ ತೆರೆದು ಹೊಲಿಯಬಲ್ಲ ಕೈ ಬೇಕು, ಅಷ್ಟೆ.

ಇನ್ನು ಆಡಳಿತ. ಓದುಗರಲ್ಲಿ ಅನೇಕರು ಈ ಪದ ಬಂದ ಕೂಡಲೇ ಮುಂದಿನ ಪ್ಯಾರಾಕ್ಕೆ ಹಾರುತ್ತಾರೆ, ಹಾರಬೇಡಿ. ಸೇನಾ ಆಸ್ಪತ್ರೆ ಎನ್ನುವುದು ಆಸ್ಪತ್ರೆಯೂ ಹೌದು, ಸೇನೆಯ ಒಂದು ಘಟಕವೂ ಹೌದು. ಅಲ್ಲಿನ ಆಡಳಿತ ನೋಡುವವರ ಬೆಳಗು ಬೆಡ್ ಸ್ಟೇಟ್‌ನಿಂದ ಶುರು: ಎಷ್ಟು ಹಾಸಿಗೆ, ಎಷ್ಟು ತುಂಬಿವೆ, ಡೇಂಜರಸ್ಲಿ ಇಲ್ ಲಿಸ್ಟ್‌ನಲ್ಲಿ ಯಾರಿದ್ದಾರೆ, ಅವರ ಮನೆಯವರಿಗೆ ಸುದ್ದಿ ಹೋಯಿತೆ. ಆಮೇಲೆ ಡ್ಯೂಟಿ ರೋಸ್ಟರ್. ಔಷಧದ ಇಂಡೆಂಟ್. ಅಡುಗೆಮನೆಯಲ್ಲಿ ಯಾವ ರೋಗಿಗೆ ಯಾವ ಪಥ್ಯ. ಆಂಬುಲೆನ್ಸಿಗೆ ಪೆಟ್ರೋಲು. ನರ್ಸಿಂಗ್ ಆಫೀಸರ್‌ಗಳು, ಮೆಡಿಕಲ್ ಅಸಿಸ್ಟೆಂಟ್‌ಗಳು, ವಾರ್ಡ್ ಸಹಾಯಿಕಾಗಳು, ಸಫಾಯಿವಾಲಾಗಳು, ಪ್ರತಿಯೊಬ್ಬರ ರಜೆ, ಜಗಳ, ಬಡ್ತಿ. ಇದರ ಮೇಲೆ ಮೆಡಿಕಲ್ ಬೋರ್ಡು: ಈ ಏರ್‌ಮನ್‌ನ ಬೆನ್ನುನೋವು ಸೇವೆಯಿಂದ ಬಂದದ್ದೋ ಅಲ್ಲವೋ ಎಂದು ಬರೆಯುವ ಒಂದು ಸಾಲಿನ ಮೇಲೆ ಅವನ ಅಂಗವೈಕಲ್ಯ ಪಿಂಚಣಿ ನಿಂತಿರುತ್ತದೆ. ಆ ಒಂದು ಸಾಲಿಗಾಗಿ ವರ್ಷಗಟ್ಟಲೆ ಕೋರ್ಟು ಅಲೆದ ಮಾಜಿ ಸೈನಿಕರು ನಮ್ಮ ನಡುವೆಯೇ ಇದ್ದಾರೆ. ಒಳ್ಳೆಯ ಆಡಳಿತಗಾರರು ಯಾರ ಕಣ್ಣಿಗೂ ಬೀಳುವುದಿಲ್ಲ. ಆಮ್ಲಜನಕದ ಸಿಲಿಂಡರು ಖಾಲಿಯಾಗದಂತೆ ನೋಡಿಕೊಂಡವರಿಗೆ ಯಾರೂ ಹಾರ ಹಾಕುವುದಿಲ್ಲ.

ಮಿಲಿಟರಿ ನರ್ಸಿಂಗ್ ಸೇವೆಯವರಿಗೆ ಪ್ರಸೂತಿ ಮತ್ತು ಸ್ತ್ರೀರೋಗದ ಪಾಠ ಹೇಳುವುದು ರಮಣನ್ ಅವರ ಇನ್ನೊಂದು ಹೊಣೆ. ನನ್ನ ಲೆಕ್ಕದಲ್ಲಿ ಅವರ ಕೆಲಸಗಳಲ್ಲೆಲ್ಲ ದೂರದವರೆಗೆ ಹೋಗಿ ಮುಟ್ಟಿದ್ದು ಇದೇ. ಅವರಿಂದ ಕಲಿತ ನರ್ಸ್ ಮುಂದೆ ವರ್ಗವಾಗಿ ಹೋಗಿದ್ದು ಅಸ್ಸಾಮಿನ ಚಾಬುವಾಕ್ಕೋ, ಪಂಜಾಬಿನ ಆದಂಪುರಕ್ಕೋ. ಅಲ್ಲಿ ಸ್ತ್ರೀರೋಗ ತಜ್ಞರು ಇಲ್ಲದ ರಾತ್ರಿಗಳಲ್ಲಿ ಹೆರಿಗೆ ಮಾಡಿಸಿದ್ದು ಆ ನರ್ಸೇ.

ಇಂಥ ಊರುಗಳು ಹೇಗಿರುತ್ತವೆಂದು ತಿಳಿಯಲು ಓಝರ್ ಒಳ್ಳೆಯ ಉದಾಹರಣೆ. ರಮಣನ್ ಅವರ ಹೆಸರಿನೊಂದಿಗೆ ಕೇಳಿಬರುವುದು ಜಾಲಹಳ್ಳಿ, ಕಾನ್ಪುರ, ಸಿಕಂದರಾಬಾದ್; ಓಝರ್ ಅಲ್ಲ. ಆದರೆ ಬೆಂಗಳೂರಿನ ಎಚ್ಎಎಲ್ ಮನೆಗಳಿಗೆ ಓಝರ್ ಅಪರಿಚಿತ ಹೆಸರೇನಲ್ಲ. ನಾಸಿಕ್‌ನಿಂದ ಮುಂಬಯಿ–ಆಗ್ರಾ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋದರೆ, ದ್ರಾಕ್ಷಿ ತೋಟಗಳ ನಡುವೆ ಸಿಗುವ ಊರು. ಅರವತ್ತರ ದಶಕದಲ್ಲಿ ಸೋವಿಯತ್ ಒಕ್ಕೂಟದ ನೆರವಿನಿಂದ ಮಿಗ್-21 ಕಟ್ಟಲು ಹೊರಟಾಗ ಕೆಲಸವನ್ನು ಮೂರು ಕಡೆ ಹಂಚಿದರು: ವಿಮಾನದ ಒಡಲು ಓಝರ್‌ನಲ್ಲಿ, ಎಂಜಿನ್ ಒಡಿಶಾದ ಕೋರಾಪುಟ್‌ನಲ್ಲಿ, ವಿದ್ಯುನ್ಮಾನ ಉಪಕರಣಗಳು ಹೈದರಾಬಾದ್‌ನಲ್ಲಿ. ಮುಂದೆ ಮಿಗ್-27, ಸುಖೋಯ್-30 ಕೂಡ ಓಝರ್‌ನಲ್ಲೇ ತಯಾರಾದವು. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ಜೋಡಿಸಿದ ಮೊದಲ ತೇಜಸ್ ಮಾರ್ಕ್-1ಎ ಹಾರಿತು. ಪಕ್ಕದಲ್ಲೇ ಯುದ್ಧವಿಮಾನಗಳ ರಿಪೇರಿಗೆಂದು ವಾಯುಪಡೆಯ 11ನೇ ಬೇಸ್ ರಿಪೇರಿ ಡಿಪೊ.

ಸುದ್ದಿಯಲ್ಲಿ ಬರುವುದು ವಿಮಾನ. ಬೇಲಿಯ ಒಳಗೆ ಬದುಕುವುದು ಕುಟುಂಬಗಳು. ವಿಮಾನಕ್ಕೆ ಇಂತಿಷ್ಟು ಗಂಟೆ ಹಾರಿದ ಮೇಲೆ ಓವರ್‌ಹಾಲ್ ಕಡ್ಡಾಯ. ಅದನ್ನು ಬಿಚ್ಚಿ ಜೋಡಿಸುವವನ ಹೆಂಡತಿಗೆ ಎಂಟನೇ ತಿಂಗಳಲ್ಲಿ ಕಾಲು ಊದಿಕೊಂಡರೆ ನೋಡುವವರು ಯಾರು ಎಂಬ ಪ್ರಶ್ನೆಗೂ ಅಷ್ಟೇ ಕಟ್ಟುನಿಟ್ಟಿನ ಉತ್ತರ ಇರಬೇಕಲ್ಲ? ವಾಯುಪಡೆಯ ಪ್ರತಿ ನೆಲೆಯಲ್ಲೂ ಸಣ್ಣದೊಂದು ಚಿಕಿತ್ಸಾ ಕೇಂದ್ರ ಇರುತ್ತದೆ. ಹಳಬರು ಈಗಲೂ ಅದನ್ನು ಎಸ್ಎಸ್‌ಕ್ಯೂ ಎನ್ನುತ್ತಾರೆ, ಅದರ ಹೊಣೆ ಹೊತ್ತವರು ಎಸ್ಎಂಒ. ಅಲ್ಲಿ ಆಗದ್ದಕ್ಕೆ ದೊಡ್ಡ ಆಸ್ಪತ್ರೆ, ಅಲ್ಲೂ ಆಗದಿದ್ದರೆ ಕಮಾಂಡ್ ಹಾಸ್ಪಿಟಲ್. ನಿವೃತ್ತರಿಗಂತೂ ಬಹಳ ಕಾಲ ಈ ಸರಪಳಿಯಲ್ಲಿ ಸಿಗುತ್ತಿದ್ದದ್ದು ಸೀಮಿತ ಚಿಕಿತ್ಸೆಯಷ್ಟೇ. 2003ರ ಏಪ್ರಿಲ್‌ನಲ್ಲಿ ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ, ಅಂದರೆ ಇಸಿಎಚ್ಎಸ್, ಬಂದ ಮೇಲೆ ಊರೂರಿಗೆ ಪಾಲಿಕ್ಲಿನಿಕ್‌ಗಳಾದವು. ಬೆಂಗಳೂರಿನ ಯಾವುದಾದರೂ ಪಾಲಿಕ್ಲಿನಿಕ್ಕಿನ ಸಾಲಿನಲ್ಲಿ ಬೆಳಗಿನ ಹೊತ್ತು ನಿಂತು ನೋಡಿ. ಎಂಬತ್ತು ದಾಟಿದ ಹವಾಲ್ದಾರರು, ವಾರಂಟ್ ಆಫೀಸರ್‌ಗಳು, ಪಕ್ಕದಲ್ಲಿ ಫೈಲು ಹಿಡಿದ ಅವರ ಹೆಂಡತಿಯರು. ಅರವತ್ತು ಎಪ್ಪತ್ತರ ದಶಕದ ಫ್ಯಾಮಿಲಿ ವಾರ್ಡುಗಳಲ್ಲಿ ಹೆತ್ತವರು ಈ ಅಮ್ಮಂದಿರೇ.

ರಮಣನ್ ಅವರ ಯೌವನದ ಚಿತ್ರಗಳಲ್ಲಿ ಅವರು ಸೀರೆ ಉಟ್ಟಿದ್ದಾರೆ, ರವಿಕೆಯ ಭುಜದ ಮೇಲೆ ಪದವಿಯ ಪಟ್ಟಿಗಳಿವೆ. ಹೆಂಗಸರ ಅಳತೆಗೆ ವಾಯುಪಡೆ ಇನ್ನೂ ಸಮವಸ್ತ್ರವನ್ನೇ ಯೋಚಿಸಿರದ ಕಾಲ ಅದು. ಹಲವು ವರ್ಷ ಇಡೀ ವಾಯುಪಡೆಯಲ್ಲಿ ಅವರೊಬ್ಬರೇ ಮಹಿಳಾ ಅಧಿಕಾರಿ. ಅಧಿಕಾರಿಗಳ ಮೆಸ್ಸಿನಲ್ಲಿ ಒಬ್ಬರೇ ಹೆಂಗಸು, ಮೀಟಿಂಗಿನಲ್ಲಿ ಒಬ್ಬರೇ ಹೆಂಗಸು. ಶುರುವಿನಲ್ಲಿ ಗಂಡಸರ ನಡುವೆ ಕೆಲಸ ಮಾಡಲು ಅಳುಕಿತ್ತೆಂದು ಇಳಿವಯಸ್ಸಿನಲ್ಲಿ ಅವರೇ ಹೇಳಿಕೊಂಡಿದ್ದರು. ಅಳುಕಿನ ಜೊತೆಗೇ ಬಡ್ತಿಗಳೂ ಬಂದವು. 1972ರ ಆಗಸ್ಟ್‌ನಲ್ಲಿ ವಿಂಗ್ ಕಮಾಂಡರ್ ಆದರು. 1977ರಲ್ಲಿ ವಿಶಿಷ್ಟ ಸೇವಾ ಪದಕ ಸಂದಿತು. ಈ ಪದಕ 1960ರಲ್ಲಿ ಹುಟ್ಟಿದ್ದು. ರಣರಂಗದ ಶೌರ್ಯಕ್ಕಲ್ಲ, ಉನ್ನತ ಮಟ್ಟದ ಸೇವೆಗೆ ಕೊಡುವಂಥದ್ದು. 1979ರ ಫೆಬ್ರುವರಿಯಲ್ಲಿ, 55 ತುಂಬಿದಾಗ, ನಿವೃತ್ತಿ.

ಅವರ ಹಾಡುಗಾರಿಕೆಯನ್ನು ಬಿಟ್ಟರೆ ಅರ್ಧ ಮನುಷ್ಯರನ್ನು ಬಿಟ್ಟಂತೆ. ಕರ್ನಾಟಕ ಸಂಗೀತದಲ್ಲಿ ಪಳಗಿದ್ದ ಅವರು ಹದಿನೈದರ ವಯಸ್ಸಿಗೇ ಆಕಾಶವಾಣಿಯಲ್ಲಿ ಹಾಡಿದವರು. ಮದ್ರಾಸ್ ರೇಡಿಯೊ ಕೇಂದ್ರ ಶುರುವಾದದ್ದು 1938ರ ಜೂನ್‌ನಲ್ಲಿ. ಅಂದರೆ ಹುಡುಗಿ ಮೈಕಿನ ಮುಂದೆ ಕೂತಾಗ ಕೇಂದ್ರಕ್ಕೇ ಒಂದೆರಡು ವರ್ಷ. ವಾಯುಪಡೆಗೆ ಬಂದ ಮೇಲೂ ವರ್ಗವಾದ ಊರುಗಳ ಕೇಂದ್ರಗಳಲ್ಲಿ, ಬೆಂಗಳೂರೂ ಸೇರಿದಂತೆ, ಹಾಡುತ್ತಲೇ ಇದ್ದರು. ವರ್ಗದ ಸಾಮಾನಿನ ಪೆಟ್ಟಿಗೆಗಳ ನಡುವೆ ತಂಬೂರಿಯೂ ಇತ್ತೋ ಏನೋ ಎಂದು ಕುತೂಹಲವಾಗುತ್ತದೆ. ಹಗಲು ಶಸ್ತ್ರಚಿಕಿತ್ಸೆ ಮಾಡಿ ಸಂಜೆ ತೋಡಿ ಹಾಡಲು ಕೂರುವುದಕ್ಕೆ ಎರಡು ಬೇರೆ ಬೇರೆ ಬಗೆಯ ಏಕಾಗ್ರತೆ ಬೇಕು ಎಂದು ನಾನು ಅಂದುಕೊಂಡಿದ್ದೆ. ಗಾಯಕಿಯೂ ಆದ ವೈದ್ಯೆಯೊಬ್ಬರು, ಇಲ್ಲ, ಎರಡೂ ಒಂದೇ, ಎರಡರಲ್ಲೂ ಗಡಿಬಿಡಿ ಮಾಡಿದರೆ ಕೆಟ್ಟಿತು ಅಂದರು.

ರಮಣನ್ ಅವರಂತೆಯೇ ಸಮವಸ್ತ್ರದ ಇನ್ನೊಬ್ಬ ವೈದ್ಯರೂ ಬೆಂಗಳೂರಿನಲ್ಲಿ ಕೊನೆಯ ದಿನಗಳನ್ನು ಕಳೆದರು: ಮೇಜರ್ ಜನರಲ್ ಎಸ್. ಎಲ್. ಭಾಟಿಯಾ. ಮೊದಲ ಮಹಾಯುದ್ಧದಲ್ಲಿ ಮಿಲಿಟರಿ ಕ್ರಾಸ್ ಪಡೆದವರು, ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಮೊದಲ ಭಾರತೀಯ ಡೀನ್, ದೊಡ್ಡ ಆಸ್ಪತ್ರೆ ಆಡಳಿತಗಾರರು. ಅವರು ವೈದ್ಯಶಾಸ್ತ್ರದ ಇತಿಹಾಸದ ಮೇಲೆ ಪುಸ್ತಕ ಬರೆದರು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ಇದೆ. ಹೆರಿಗೆ ವಾರ್ಡು ಹಾಗೆ ಕುರುಹು ಬಿಡುವ ಜಾಗವಲ್ಲ. ಅಲ್ಲಿನ ರಿಜಿಸ್ಟರ್‌ಗಳು ಅವಧಿ ಮುಗಿದ ಮೇಲೆ ಕಡತದ ಕೋಣೆಯಿಂದ ಹೊರಹೋಗುತ್ತವೆ. ಹುಟ್ಟಿದ ಮಕ್ಕಳಿಗೆ ಡಾಕ್ಟರ ಹೆಸರು ಗೊತ್ತಿರುವುದಿಲ್ಲ. ಅಮ್ಮನಿಗೆ ನೆನಪಿದ್ದರೆ ಉಂಟು. ಆ ಅಮ್ಮಂದಿರನ್ನೂ, ಪಾಠ ಕೇಳಿದ ನರ್ಸ್‌ಗಳನ್ನೂ ಕೂರಿಸಿ ಮಾತಾಡಿಸಿ ದಾಖಲಿಸಲು ಇನ್ನು ಹೆಚ್ಚು ವರ್ಷ ಉಳಿದಿಲ್ಲ. ವಿಮಾನಗಳ ಪ್ರತಿ ಬಿಡಿಭಾಗದ ಚರಿತ್ರೆಯನ್ನು ಬರೆದಿಡುವ ವಾಯುಪಡೆಗೆ ಇದು ಕಷ್ಟದ ಕೆಲಸವೇನಲ್ಲ.

ರಮಣನ್ ಸೇರಿದ ಮೂರು ವರ್ಷಕ್ಕೆ, 1958ರ ನವೆಂಬರ್‌ನಲ್ಲಿ, ಸೇನಾ ವೈದ್ಯಕೀಯ ದಳ ಹೆಂಗಸರಿಗೂ ಕಾಯಂ ಕಮಿಷನ್ ಕೊಡಲು ತೊಡಗಿತು. ಭೂಸೇನೆಯ ಉಳಿದ ವಿಭಾಗಗಳ ಮಹಿಳಾ ಅಧಿಕಾರಿಗಳು ಅದೇ ಹಕ್ಕಿಗಾಗಿ ಹದಿನೇಳು ವರ್ಷ ಕೋರ್ಟಿನಲ್ಲಿ ಹೋರಾಡಬೇಕಾಯಿತು. ಬಬಿತಾ ಪುನಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2020ರ ಫೆಬ್ರುವರಿ 17ರಂದು. ರಮಣನ್ ಅವರಿಗೆ 96 ತುಂಬಲು ಆಗ ಇನ್ನು ಹತ್ತೇ ದಿನ. ಅರವತ್ತೊಂದು ವರ್ಷಗಳ ಈ ಅಂತರಕ್ಕೆ ಹೆಂಗಸರ ದೇಹಬಲ, ಮನೋಬಲ ಎಂದು ಏನೇನೋ ಕಾರಣ ಕೊಟ್ಟರು. ಯುದ್ಧದ ಗಾಯಾಳುಗಳ ರಕ್ತದಲ್ಲಿ ಕೈ ಅದ್ದಲು ವೈದ್ಯೆಯರಿಗೆ ಬಲ ಸಾಲದೆಂದು ಮಾತ್ರ ಯಾರೂ ಎಂದೂ ಹೇಳಲಿಲ್ಲ.

ವೈದ್ಯಕೀಯದ ಆ ಒಂದೇ ದಾರಿಯಲ್ಲಿ ಬಂದವರು ಎಲ್ಲಿಯವರೆಗೆ ಹೋದರೆಂದು ನೋಡಬೇಕು. 1968ರಲ್ಲಿ ವಾಯುಪಡೆಗೆ ಸೇರಿದ ಡಾ. ಪದ್ಮಾವತಿ ಬಂಡೋಪಾಧ್ಯಾಯ ಮುಂದೆ ಏರ್ ಮಾರ್ಷಲ್ ಆದರು. 2024ರ ಆಗಸ್ಟ್‌ನಲ್ಲಿ ಭೂಸೇನೆಯ ವೈದ್ಯಕೀಯ ಸೇವೆಗಳ ಮಹಾನಿರ್ದೇಶಕಿಯಾದ ಸಾಧನಾ ಸಕ್ಸೇನಾ ನಾಯರ್ ಅದಕ್ಕೆ ಮೊದಲು ವಾಯುಪಡೆಯ ಸಮವಸ್ತ್ರದಲ್ಲಿದ್ದವರು, ಸಶಸ್ತ್ರ ಪಡೆಗಳ ಆಸ್ಪತ್ರೆ ಸೇವೆಗಳ ಹೊಣೆ ನೋಡಿಕೊಂಡವರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನೌಕಾಪಡೆಯ ಆರತಿ ಸರಿನ್ ಮೂರೂ ಪಡೆಗಳ ವೈದ್ಯಕೀಯ ಸೇವೆಯ ಮುಖ್ಯಸ್ಥೆಯಾದರು. ವಾಯುಪಡೆಯ ಇತರ ಶಾಖೆಗಳಿಗೆ ಹೆಂಗಸರು ಬರಲು ತೊಂಬತ್ತರ ದಶಕದವರೆಗೆ ಕಾಯಬೇಕಾಯಿತು; ಯುದ್ಧವಿಮಾನದ ಮೊದಲ ಮೂವರು ಮಹಿಳಾ ಪೈಲಟ್‌ಗಳು ಬಂದದ್ದು 2016ರ ಜೂನ್‌ನಲ್ಲಿ. ಇಷ್ಟೆಲ್ಲ ಆದದ್ದು ಸರ್ಕಾರ ಒಂದೊಂದಾಗಿ ಹೊರಡಿಸಿದ ಅಧಿಸೂಚನೆಗಳಿಂದ. ಹೆಂಗಸರು ಅರ್ಹರಲ್ಲ ಎಂದು ಶುರುವಾಗುವ 12ನೇ ಸೆಕ್ಷನ್ ಕಾಯ್ದೆಯ ಪುಸ್ತಕದಲ್ಲಿ ಇನ್ನೂ ಹಾಗೆಯೇ ಇದೆ.